ಸಿಟ್ಟು ಬಂದವನೆಲ್ಲ ಸಿಡುಕನೇ?

(ಪ್ರೌಢಶಾಲಾ ಶಿಕ್ಷಕರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ನಡುನಡುವಿನ ಹರಟೆಯನ್ನು ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೂರು ವಾಕ್ಯ ಹೇಳ್ತೀನಿ, ಕೇಳಿ. "ಅವನಿಗೆ ಸಿಟ್ಟು ಬಂತು." "ಅವನಿಗೆ ಬೇಗ ಸಿಟ್ಟು ಬರುತ್ತೆ." "ಅವನೊಬ್ಬ ಸಿಡುಕ."

ಮೂರೂ ಒಬ್ಬನ ಬಗ್ಗೆಯೇ ಇರಬಹುದು. ಮೊದಲನೆಯದು ನಡೆದ ಸಂಗತಿ. ಸಂಜೆ ಐದಕ್ಕೆ ಬಂದ ಸಿಟ್ಟು ಐದೂವರೆಗೆ ಇಳಿದಿರಬಹುದು. ಎರಡನೆಯದನ್ನು ಹೇಳಬೇಕಾದರೆ ಅವನನ್ನು ಬಹಳ ಕಾಲ ನೋಡಿರಬೇಕು. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಸಿಟ್ಟು ಅವನಿಗೆ ಬಂದು ಹೋಗುವುದಲ್ಲ, ಅವನೇ ಸಿಟ್ಟಾಗಿಬಿಟ್ಟಿದ್ದಾನೆ. ಮನೋವಿಜ್ಞಾನ ಓದಿದವರು ಈ ಮೂರನ್ನೂ ಸ್ಥಿತಿ, ಗುಣ, ಮಾದರಿ ಎಂದು ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತಾರೆ. ನಾವು ಸ್ಟಾಫ್ ರೂಮಿನಲ್ಲಿ ಕಾಫಿ ಆರುವುದರೊಳಗೆ ಒಂದರಿಂದ ಮೂರಕ್ಕೆ ಜಿಗಿದಿರುತ್ತೇವೆ. ಇವತ್ತು ನಾನು ಮಾತಾಡುವುದೆಲ್ಲ ಆ ಜಿಗಿತದ ಬಗ್ಗೆ.

ಜಿಗಿಯುವುದಕ್ಕೆ ಕನ್ನಡ ಧಾರಾಳವಾಗಿ ಅನುಕೂಲ ಮಾಡಿಕೊಟ್ಟಿದೆ. ಅಂಜಿದವನಿಗೆ ಒಂದು 'ಬುರುಕ' ಸೇರಿಸಿದರೆ ಅಂಜುಬುರುಕ, ಅತ್ತವನಿಗೆ ಸೇರಿಸಿದರೆ ಅಳುಬುರುಕ. ಬಾಯಿಬಡುಕ, ಚಾಡಿಕೋರ, ನಾಚಿಕೆಗೇಡಿ, ಮೈಗಳ್ಳ, ಸೋಗಲಾಡಿ, ತಲೆಹರಟೆ, ಅಧಿಕಪ್ರಸಂಗಿ. ಧಾರವಾಡದ ಕಡೆಯವರು ಇಲ್ಲಿದ್ದರೆ ಉಡಾಳ, ಮಳ್ಳ ಎರಡನ್ನೂ ಸೇರಿಸಿಕೊಳ್ಳಿ. ನನಗೆ ಬಹಳ ಇಷ್ಟವಾದದ್ದು ಗುಮ್ಮನಗುಸುಕ. ಏನೂ ಗೊತ್ತಿಲ್ಲದವನ ಹಾಗೆ ಬಾಯಿ ಮುಚ್ಚಿಕೊಂಡು ಕೂತು, ಒಳಗೊಳಗೇ ಎಲ್ಲ ಲೆಕ್ಕ ಹಾಕುವ ಮನುಷ್ಯ. ಇಷ್ಟನ್ನೂ ಒಂದೇ ಪದದಲ್ಲಿ ಹೇಳಿ ಮುಗಿಸಿದ ಹಳ್ಳಿಯ ಜಾಣರಿಗೆ ಒಂದು ನಮಸ್ಕಾರ ಹೇಳಲೇಬೇಕು.

ಈಗ ಹೊಗಳುವ ಪದಗಳನ್ನು ಹೇಳಿ ನೋಡೋಣ. ಸಾಧು, ಸೌಮ್ಯ, ಸಂಭಾವಿತ, ಉದಾರಿ... ನಾಲ್ಕಕ್ಕೇ ಯೋಚಿಸುವ ಹಾಗಾಯಿತಲ್ಲ! ಬೈಗುಳದಲ್ಲಿ ನಮಗಿರುವ ಸಂಪತ್ತು ಹೊಗಳಿಕೆಯಲ್ಲಿ ಇಲ್ಲ. ಇದು ನಮ್ಮೊಬ್ಬರ ಬುದ್ಧಿಯೂ ಅಲ್ಲ. ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಎಂಬಾತ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಮೂವತ್ತು ಬಗೆಯ ಜನರ ಚಿತ್ರ ಬರೆದಿಟ್ಟ. ಮುಖಸ್ತುತಿ ಮಾಡುವವನು, ಜಿಪುಣ, ಕೊರೆಯುವವನು, ಒರಟ, ಪುಕ್ಕಲ ಹೀಗೆ. ಮೂವತ್ತರಲ್ಲಿ ಒಬ್ಬನೂ ಒಳ್ಳೆಯವನಿಲ್ಲ. ಒಳ್ಳೆಯವರಿಂದ ಯಾರಿಗೂ ತೊಂದರೆ ಇಲ್ಲವಲ್ಲ, ಅವರಿಗೆ ಹೆಸರಿಡುವ ಅವಸರ ಯಾರಿಗೂ ಬೀಳಲಿಲ್ಲ ಅಂತ ಕಾಣುತ್ತೆ. ಸ್ವಭಾವದ ಪದಗಳೆಲ್ಲ ಬಹುಮಟ್ಟಿಗೆ ತೊಂದರೆಗೊಳಗಾದವರು ಕೊಟ್ಟ ದೂರುಗಳು. ಅದನ್ನು ನೆನಪಿಟ್ಟುಕೊಂಡರೆ ಪದ ಕೇಳಿದ ಕೂಡಲೇ "ಯಾರು ಅಂದದ್ದು?" ಎಂದು ಕೇಳಬೇಕು ಅನ್ನಿಸುತ್ತದೆ.

ಮನುಷ್ಯರನ್ನು ಗುಂಪು ಮಾಡಿ ಹೆಸರಿಡುವ ಚಪಲ ವೈದ್ಯರಿಗೂ ಇತ್ತು. ಗ್ರೀಕರು ದೇಹದ ನಾಲ್ಕು ರಸಗಳಿಂದ ನಾಲ್ಕು ಸ್ವಭಾವ ಮಾಡಿದರು. ನಮ್ಮಲ್ಲಿ ವಾತ, ಪಿತ್ತ, ಕಫ ಎಲ್ಲರಿಗೂ ಗೊತ್ತು. ಆದರೆ ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಮನಸ್ಸಿನ ಬಗೆಗಳ ಇನ್ನೊಂದು ಪಟ್ಟಿ ಇದೆ, ಅದನ್ನು ಓದಿದವರು ಕಡಿಮೆ. ಸಾತ್ವಿಕರಲ್ಲಿ ಏಳು, ರಾಜಸರಲ್ಲಿ ಆರು, ತಾಮಸರಲ್ಲಿ ಮೂರು, ಒಟ್ಟು ಹದಿನಾರು ಬಗೆ. ಈಗ ಕಂಪನಿಗಳಲ್ಲಿ ಚಾಲ್ತಿಯಲ್ಲಿರುವ ಮೈಯರ್ಸ್-ಬ್ರಿಗ್ಸ್ ಎಂಬ ವ್ಯಕ್ತಿತ್ವ ಪರೀಕ್ಷೆಯಲ್ಲೂ ಹದಿನಾರೇ. ಕಾಕತಾಳೀಯ ಅಷ್ಟೇ, "ನಮ್ಮಲ್ಲಿ ಆಗಲೇ ಇತ್ತು" ಅಂತ ಯಾರೂ ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ.

ಆ ಹದಿನಾರರಲ್ಲಿ ರಾಜಸ ಗುಂಪಿನ 'ಸರ್ಪ' ಬಗೆಯವನನ್ನು ಮಾತ್ರ ನಿಮಗೆ ಪರಿಚಯ ಮಾಡಿಸುತ್ತೇನೆ. ಚರಕ ಅವನನ್ನು ಶೂರ ಅನ್ನುವುದಿಲ್ಲ, ಪುಕ್ಕಲ ಅಂತಲೂ ಅನ್ನುವುದಿಲ್ಲ. ಸಿಟ್ಟು ಬಂದಾಗ ಶೂರ, ಸಿಟ್ಟಿಲ್ಲದಾಗ ಅಂಜುಬುರುಕ ಅನ್ನುತ್ತಾನೆ. ಯಾವಾಗ ಏನು ಎನ್ನುವುದು ಆ ವರ್ಣನೆಯೊಳಗೇ ಸೇರಿಕೊಂಡಿದೆ. ಮನೋವಿಜ್ಞಾನ ಈ ಜಾಗಕ್ಕೆ ಬಂದು ನಿಲ್ಲಲು ಇಪ್ಪತ್ತನೇ ಶತಮಾನದ ಕೊನೆಯಾಯಿತು. ಬಂದ ದಾರಿಯೂ ಸ್ವಲ್ಪ ಸುತ್ತಿನದು.

ದಾರಿ ಶುರುವಾಗಿದ್ದು ನಿಘಂಟಿನಿಂದ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1884ರಲ್ಲಿ ಒಂದು ಮಾತು ಹೇಳಿದ. ಮನುಷ್ಯರ ನಡುವೆ ನಿಜವಾಗಿ ಮುಖ್ಯವಾದ ವ್ಯತ್ಯಾಸ ಏನಿದ್ದರೂ ಜನ ಅದಕ್ಕೆ ಪದ ಮಾಡಿಕೊಂಡೇ ಇರುತ್ತಾರೆ, ಹಾಗಾಗಿ ಪದ ಹುಡುಕಿದರೆ ಸ್ವಭಾವ ಸಿಗುತ್ತದೆ ಅಂತ ಅದರ ತಾತ್ಪರ್ಯ. ಇಂಗ್ಲಿಷಿನಲ್ಲಿ ಅಂಥವು ಸಾವಿರಕ್ಕೆ ಕಡಿಮೆ ಇಲ್ಲ ಎಂದು ಅಂದಾಜು ಮಾಡಿದ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಎಂಬ ಅಮೆರಿಕನ್ನರು ವೆಬ್‌ಸ್ಟರ್ ನಿಘಂಟನ್ನು ಮುಂದಿಟ್ಟುಕೊಂಡು ಸೋಸಿದರು. ಸಿಕ್ಕಿದ್ದು 17,953 ಪದ. ಅದರಲ್ಲಿ ಸ್ಥಿರವಾದ ಗುಣ ಎನ್ನಬಹುದಾದದ್ದು ಸುಮಾರು ನಾಲ್ಕೂವರೆ ಸಾವಿರ ಮಾತ್ರ. ಉಳಿದದ್ದು ಏನು ಅಂದುಕೊಂಡಿರಿ? ಬಂದು ಹೋಗುವ ಮನಸ್ಥಿತಿಗಳು, ಮೈಕಟ್ಟಿನ ಮಾತುಗಳು, ಮತ್ತೆ ಬರೀ ಮೆಚ್ಚುಗೆ ಅಥವಾ ಖಂಡನೆಯ ಮಾತುಗಳು. 'ಯೋಗ್ಯ', 'ದರಿದ್ರ' ಇದ್ದ ಹಾಗೆ. ಅಂದರೆ ನಾವು ಸ್ವಭಾವ ಅಂತ ತಿಳಿದು ಆಡುವ ಮಾತುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ವಭಾವವೇ ಅಲ್ಲ.

ಆಮೇಲೆ ಬಂದವರು ಆ ಪದಗಳನ್ನು ಜನರ ಕೈಗೆ ಕೊಟ್ಟು, ತಮ್ಮನ್ನೂ ಪರಿಚಯದವರನ್ನೂ ಅಳೆಯಲು ಹೇಳಿ, ಯಾವ ಪದದ ಜೊತೆ ಯಾವುದು ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಮಾತುಗಾರ ಅನ್ನಿಸಿಕೊಂಡವನಿಗೆ ಸಾಮಾನ್ಯವಾಗಿ ಹುರುಪು ಎಂಬ ಪದವೂ ಬೀಳುತ್ತದೆ. ಹೀಗೆ ಕೂಡಿಸುತ್ತ ಹೋದಾಗ ಐದು ದೊಡ್ಡ ಗುಂಪು ಮತ್ತೆ ಮತ್ತೆ ಕಂಡವು. 1980ರ ದಶಕದ ಹೊತ್ತಿಗೆ ಇದಕ್ಕೆ 'ಬಿಗ್ ಫೈವ್' ಎಂಬ ಹೆಸರು ನಿಂತಿತು. ಐದೂ ನಿಮಗೆ ಗೊತ್ತಿರುವವೇ. ಹೊಸದಕ್ಕೆ ಮನಸ್ಸು ತೆರೆದಿರುವುದು ಒಂದು. ಅಚ್ಚುಕಟ್ಟು, ಹಿಡಿದ ಕೆಲಸ ಬಿಡದಿರುವುದು ಇನ್ನೊಂದು. ಜನರ ನಡುವೆ ಹುರುಪುಗೊಳ್ಳುವುದು, ಹೊಂದಿಕೊಂಡು ಹೋಗುವುದು, ಕೊನೆಗೆ ಬೇಗ ಗಾಬರಿ ಬೀಳುವುದು. ನಮ್ಮ ಹಿರಿಯರು "ಎಲ್ಲಾ ಮನಸ್ಸಿಗೆ ಹಚ್ಚಿಕೊಳ್ತಾಳೆ" ಅಂತಾರಲ್ಲ, ಆ ಐದನೆಯದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ಪಠ್ಯಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ.

ಇಲ್ಲಿ ಗಮನಿಸಬೇಕಾದ್ದು ಐದು ಎಂಬ ಸಂಖ್ಯೆಯಲ್ಲ. ಇವು ಐದು ಜಾತಿಯ ಮನುಷ್ಯರಲ್ಲ, ಐದು ಅಳತೆಪಟ್ಟಿ. ಪ್ರತಿಯೊಬ್ಬರಿಗೂ ಐದರಲ್ಲೂ ಒಂದೊಂದು ಜಾಗ ಇದೆ, ಎತ್ತರ ತೂಕ ಇದ್ದ ಹಾಗೆ. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. "ಎತ್ತರದವರು, ಕುಳ್ಳರು ಅಂತ ಎರಡೇ ಬಗೆ" ಅಂದರೆ ದರ್ಜಿ ನಗುತ್ತಾನೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ಜೋಡಿಗೆ ಆಗಿರುವುದು ಇದೇ. 1921ರಲ್ಲಿ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಈ ಜೋಡಿಯನ್ನು ಚಲಾವಣೆಗೆ ತಂದಾಗ ಅವನ ಮನಸ್ಸಿನಲ್ಲಿದ್ದದ್ದು ಒಬ್ಬನ ಗಮನ, ಆಸಕ್ತಿ ಯಾವ ಕಡೆ ಹರಿಯುತ್ತದೆ ಎಂಬ ಪ್ರಶ್ನೆ. ಈಗ ನಮ್ಮ ಶಾಲೆಗಳಲ್ಲಿ ಮಾತಾಡದ ಮಗು ಅಂತರ್ಮುಖಿ, ಗಲಾಟೆ ಮಾಡುವುದು ಬಹಿರ್ಮುಖಿ. ಮಾತಾಡದಿರುವುದಕ್ಕೆ ಎಷ್ಟು ಕಾರಣ ಇರಬಹುದು! ಒಬ್ಬನಿಗೆ ಒಂಟಿಯಾಗಿರುವುದೇ ಇಷ್ಟ, ಅವನಿಗೆ ಯಾವ ತೊಂದರೆಯೂ ಇಲ್ಲ. ಇನ್ನೊಬ್ಬಳಿಗೆ ಮಾತಾಡುವ ಆಸೆ ತುಂಬ ಇದೆ, ನಗುತ್ತಾರೆ ಎಂಬ ಭಯಕ್ಕೆ ಬಾಯಿ ಕಟ್ಟಿದೆ. ಮೂರನೆಯವನ ಮನೆಮಾತು ತುಳುವೋ ಉರ್ದುವೋ ಲಂಬಾಣಿಯೋ, ಕನ್ನಡದಲ್ಲಿ ವಾಕ್ಯ ಕಟ್ಟಿಕೊಳ್ಳುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ನಾಲ್ಕನೆಯವಳಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ನಾಲ್ವರಿಗೂ ಒಂದೇ ಪದ ಹಚ್ಚಿದರೆ ಮೊದಲನೆಯವನನ್ನು ಬಿಟ್ಟು ಉಳಿದ ಮೂವರಿಗೂ ಅನ್ಯಾಯ. ನಾಲ್ಕನೆಯವಳಿಗಂತೂ ಕಿವಿ ಪರೀಕ್ಷೆಯೇ ತಪ್ಪಿಹೋಗುತ್ತದೆ.

ಈಗ ಆ ಹದಿನಾರು ಬಗೆಯ ಪರೀಕ್ಷೆ. ಅದನ್ನು ಕಟ್ಟಿದವರು ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನೋವಿಜ್ಞಾನಿಗಳಲ್ಲ, ಮಗಳು ಪತ್ತೇದಾರಿ ಕಾದಂಬರಿ ಬರೆದವಳು. ಯೂಂಗ್‌ನನ್ನು ಓದಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರಶ್ನಾವಳಿ ತಯಾರಿಸಿದರು. ಅದರ ತೊಡಕು ನಡುವೆ ಗೆರೆ ಎಳೆಯುವುದರಲ್ಲಿದೆ. ಗೆರೆಯ ಈಚೆ ಕೂದಲೆಳೆಯಷ್ಟು ಇದ್ದವನು ಅಂತರ್ಮುಖಿ, ಆಚೆ ಕೂದಲೆಳೆಯಷ್ಟು ಇದ್ದವನು ಬಹಿರ್ಮುಖಿ. ಅವರಿಬ್ಬರೂ ಅಕ್ಕಪಕ್ಕದವರು, ಆದರೆ ಹೆಸರು ತದ್ವಿರುದ್ಧ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಹಲವರಿಗೆ ಬೇರೆ ಹೆಸರು ಬರುವುದೂ ಇದರಿಂದಲೇ.

"ಆದರೂ ಸಾರ್, ನನಗೆ ಕರೆಕ್ಟಾಗಿ ಹೊಂದುತ್ತೆ" ಅಂತ ಒಬ್ಬರು ಹೇಳಿಯೇ ಹೇಳುತ್ತಾರೆ. ಬರ್ಟ್ರಮ್ ಫೋರರ್ ಎಂಬ ಮನೋವಿಜ್ಞಾನಿ 1949ರಲ್ಲಿ ಪ್ರಕಟಿಸಿದ ಪ್ರಯೋಗ ಅವರಿಗಾಗಿಯೇ ಇದೆ. ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟ, ಕೆಲವು ದಿನ ಬಿಟ್ಟು ಪ್ರತಿಯೊಬ್ಬರಿಗೂ ಅವರವರ ಫಲಿತಾಂಶ ಅಂತ ಚೀಟಿ ಕೊಟ್ಟ. ಎಷ್ಟು ಸರಿ ಇದೆ, ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ ಬಂದದ್ದು 4.26. ಆಮೇಲೆ ನೋಡಿದರೆ ಎಲ್ಲರ ಚೀಟಿಯಲ್ಲೂ ಒಂದೇ ಬರಹ, ಅದೂ ಪುಸ್ತಕದಂಗಡಿಯ ಜ್ಯೋತಿಷ್ಯದ ಹೊತ್ತಗೆಯಿಂದ ಆರಿಸಿದ್ದು. ನಿಮಗೆ ಕೆಲವೊಮ್ಮೆ ಜನರ ಜೊತೆ ಬೆರೆಯುವುದು ಇಷ್ಟ, ಕೆಲವೊಮ್ಮೆ ಒಂಟಿಯಾಗಿರುವುದು ಇಷ್ಟ ಎಂಬ ಧಾಟಿಯ ಮಾತುಗಳು. ಯಾರಿಗೆ ಹೊಂದುವುದಿಲ್ಲ ಹೇಳಿ?

ಇನ್ನು ಮೈಸೂರಿಗೆ ಬರೋಣ. ಹೌದು, ನಮ್ಮ ಮೈಸೂರಿಗೇ. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಷಿಕಾಗೋದ ಜನರನ್ನೂ ಮೈಸೂರಿನ ಹಿಂದೂಗಳನ್ನೂ ಹೋಲಿಸಿ 1984ರಲ್ಲಿ ಬರೆದ ಪ್ರಬಂಧವನ್ನು ಪ್ರಪಂಚದ ಎಷ್ಟೋ ಕಡೆ ಮನೋವಿಜ್ಞಾನದ ತರಗತಿಗಳಲ್ಲಿ ಓದಿಸುತ್ತಾರೆ. ಮೈಸೂರಿನಲ್ಲೇ ಅದರ ಹೆಸರು ಕೇಳಿದವರು ಕಡಿಮೆ. ನಿಮಗೆ ಗೊತ್ತಿರುವವರು ಮಾಡಿದ ಒಂದು ಒಳ್ಳೆ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಯಾಕೆ ಹಾಗೆ ಮಾಡಿದರು ಅಂತಲೂ ಹೇಳಿ ಎಂದು ಆಕೆ ಕೇಳುತ್ತಿದ್ದರು.

ಮೈಸೂರಿನ ಒಬ್ಬರು ಹೇಳಿದ ಕತೆ ಇದು. ಒಬ್ಬ ವಕೀಲರು ಬೈಕಿನಲ್ಲಿ ಕೋರ್ಟಿಗೆ ಹೊರಟಿದ್ದಾರೆ, ಹಿಂದೆ ಒಬ್ಬರು ಕೂತಿದ್ದಾರೆ. ಹಿಂದಿನ ಟೈರು ಸಿಡಿಯಿತು, ಹಿಂದೆ ಕೂತವರು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲರು ಅವರನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟು ಎಷ್ಟು ಗಂಭೀರ ಅಂತ ಡಾಕ್ಟರನ್ನೂ ವಿಚಾರಿಸದೆ ಕೋರ್ಟಿಗೆ ಹೋಗಿಬಿಟ್ಟರು. ಪೆಟ್ಟು ತಿಂದವರು ಕೊನೆಗೆ ತೀರಿಕೊಂಡರು.

ಯಾಕೆ ಹೀಗೆ ಮಾಡಿದರು? ಕತೆ ಹೇಳಿದವರ ವಿವರಣೆ: ಕಕ್ಷಿದಾರರ ಪರ ನಿಲ್ಲುವುದು ವಕೀಲರ ಕರ್ತವ್ಯ. ಗಾಬರಿಯಲ್ಲಿ ಏನೂ ತೋಚದೇ ಇದ್ದಿರಬಹುದು. ನೋಡುವುದಕ್ಕೆ ಪೆಟ್ಟು ಅಷ್ಟು ದೊಡ್ಡದು ಅಂತ ಕಂಡಿರಲಿಕ್ಕಿಲ್ಲ. ಇದೇ ಕತೆಯನ್ನು ಅಮೆರಿಕನ್ನರ ಮುಂದಿಟ್ಟಾಗ ಬಂದ ಉತ್ತರದ ಸಾರ: ಆತ ಬೇಜವಾಬ್ದಾರಿ ಮನುಷ್ಯ, ತನ್ನ ಏಳಿಗೆಯ ಬೆನ್ನು ಹತ್ತಿದವನು.

ಗಮನಿಸಿ, ಮೈಸೂರಿನವರು ವಕೀಲರ ತಪ್ಪನ್ನು ಮನ್ನಿಸಿಲ್ಲ. ಅದನ್ನು ಕೆಟ್ಟ ಕೆಲಸ ಅಂತಲೇ ಹೇಳಿದ್ದಾರೆ. ಆದರೆ ಕಾರಣ ಹುಡುಕುವಾಗ ಸುತ್ತಮುತ್ತ ನೋಡಿದರು, ಮನುಷ್ಯನ ಒಳಗೆ ಮಾತ್ರ ಕೈ ಹಾಕಲಿಲ್ಲ. ಮಿಲ್ಲರ್ ಎಂಟು, ಹನ್ನೊಂದು, ಹದಿನೈದು ವಯಸ್ಸಿನ ಮಕ್ಕಳನ್ನೂ ಕೇಳಿದ್ದರು. ಎಂಟರ ಮಕ್ಕಳಲ್ಲಿ ಎರಡೂ ಊರಿಗೆ ಹೆಚ್ಚು ಫರಕು ಇರಲಿಲ್ಲ. ವಯಸ್ಸಾಗುತ್ತಾ ಷಿಕಾಗೋದವರ ಬಾಯಲ್ಲಿ ಸ್ವಭಾವದ ಪದ ಹೆಚ್ಚಿತು, ಮೈಸೂರಿನವರ ಬಾಯಲ್ಲಿ ಸಂದರ್ಭದ ಮಾತು ಹೆಚ್ಚಿತು. ಹೀಗೆ ಯೋಚಿಸುವುದನ್ನು ನಾವು ದೊಡ್ಡವರಿಂದ ಕಲಿಯುತ್ತೇವೆ ಅಂತ ಆಯಿತಲ್ಲ. ಹಾಗಾದರೆ ಈಗಿನ ಮಕ್ಕಳು ಯಾರಿಂದ ಏನು ಕಲಿಯುತ್ತಿದ್ದಾರೆ? ನನ್ನ ಅನುಮಾನ ಹೇಳ್ತೀನಿ: ಇವತ್ತು ಅದೇ ಕತೆಯನ್ನು ಮೈಸೂರಿನ ಸರಸ್ವತಿಪುರಂನ ಒಬ್ಬ ಕಾಲೇಜು ಹುಡುಗನ ಮುಂದಿಟ್ಟರೆ "ಸೆಲ್ಫಿಶ್ ಫೆಲೋ" ಎಂದು ಒಂದೇ ಏಟಿಗೆ ಮುಗಿಸಿಬಿಡುತ್ತಾನೆ.

ಚರಕನ ಸರ್ಪದ ಮಾತು ಬಾಕಿ ಇದೆ. 1968ರಲ್ಲಿ ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿ ಸ್ವಭಾವದ ಅಳತೆಯಿಂದ ಒಂದು ನಿರ್ದಿಷ್ಟ ಸಂದರ್ಭದಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂದು ಊಹಿಸುವುದು ತೀರಾ ಕಷ್ಟ ಎಂದು ತೋರಿಸಿ ದೊಡ್ಡ ಜಗಳ ಎಬ್ಬಿಸಿದ. ಆಮೇಲೆ ಅವನೂ ಯುಇಚಿ ಶೋಡಾ ಮತ್ತಿತರರೂ ಅಮೆರಿಕದ ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ಹತ್ತಿರದಿಂದ ಗಮನಿಸಿದರು. ಶಿಕ್ಷಕರಾಗಿ ನೀವು ಓದಲೇಬೇಕಾದ ಕೆಲಸ ಅದು. ಇಬ್ಬರು ಹುಡುಗರು ಒಟ್ಟು ಲೆಕ್ಕದಲ್ಲಿ ಸಮಸಮ ಜಗಳಗಂಟರು. ಆದರೆ ಒಬ್ಬ ಜಗಳಕ್ಕೆ ಬೀಳುವುದು ಜೊತೆಯ ಹುಡುಗರು ಕೆಣಕಿದಾಗ, ದೊಡ್ಡವರು ಗದರಿಸಿದರೆ ಸುಮ್ಮನಾಗುತ್ತಾನೆ. ಇನ್ನೊಬ್ಬನದು ಉಲ್ಟಾ. ಗೆಳೆಯರು ಕೆಣಕಿದರೆ ನಕ್ಕು ಬಿಡುತ್ತಾನೆ, ದೊಡ್ಡವರು ಎಚ್ಚರಿಕೆ ಕೊಟ್ಟರೆ ಮೈಮೇಲೆ ಬರುತ್ತಾನೆ. 'ಜಗಳಗಂಟ' ಎಂಬ ಪದ ಇಬ್ಬರಿಗೂ ಒಪ್ಪುತ್ತದೆ, ಇಬ್ಬರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಯಾವಾಗ ಏನು ಮಾಡುತ್ತಾನೆ ಎಂಬ ಆ ವಿನ್ಯಾಸ ಮಾತ್ರ ಒಬ್ಬೊಬ್ಬನಲ್ಲೂ ಗಟ್ಟಿಯಾಗಿ ನಿಂತಿರುತ್ತದೆ. ಸ್ವಭಾವ ಅಂತ ಏನಾದರೂ ಇದ್ದರೆ ಅದು ಅಲ್ಲಿದೆ.

"ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುವ ಗಾದೆ ನಿಮ್ಮ ಬಾಯಿಗೆ ಬಂದಿರುತ್ತದೆ. ಅರ್ಧ ನಿಜ. ಅವಳಿಗಳ ಅಧ್ಯಯನಗಳ ಪ್ರಕಾರ ಗುಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಶೇಕಡ 40ರಿಂದ 50ರಷ್ಟು ಅನುವಂಶೀಯ. ಆದರೆ ಇಪ್ಪತ್ತರಿಂದ ನಲವತ್ತರ ನಡುವೆ ಹೆಚ್ಚಿನವರು ಸ್ವಲ್ಪ ಅಚ್ಚುಕಟ್ಟಾಗುತ್ತಾರೆ, ಗಾಬರಿ ಸ್ವಲ್ಪ ಇಳಿಯುತ್ತದೆ. ಸುಡುವ ಅಗತ್ಯವೇ ಇಲ್ಲ, ಮನೆ ಬಾಡಿಗೆ ಕಟ್ಟುವುದಕ್ಕೆ ಶುರು ಮಾಡಿದರೆ ಸಾಕು.

ಪದ ಹಚ್ಚುವಾಗ ಗಂಡು ಹೆಣ್ಣಿಗೆ ಬೇರೆ ಬೇರೆ ಡಬ್ಬಿ ಇದೆ ಎಂಬುದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೆಡ್‌ಮಾಸ್ಟರು ಏರುದನಿಯಲ್ಲಿ ಶಿಸ್ತು ಕೇಳಿದರೆ 'ಖಡಕ್ ಮನುಷ್ಯ'. ಅದೇ ದನಿಯಲ್ಲಿ ಹೆಡ್‌ಮಿಸ್ ಕೇಳಿದರೆ ಗಯ್ಯಾಳಿ, ಘಟವಾಣಿ, ಬಜಾರಿ, ಸ್ವಲ್ಪ ಗೌರವ ಇದ್ದರೆ ಗಟ್ಟಿಗಿತ್ತಿ. ಗಯ್ಯಾಳಿಗೆ ಗಂಡುರೂಪ ಯಾವುದು ಹೇಳಿ? ಮದುವೆ ಜಾಹೀರಾತು ನೋಡಿ. ವರನಿಗೆ ಕೆಲಸ, ಸಂಬಳ, ಸೈಟು. ವಧು ಮಾತ್ರ 'ಸೌಮ್ಯ ಸ್ವಭಾವದ, ಹೊಂದಿಕೊಂಡು ಹೋಗುವ' ಹುಡುಗಿಯಾಗಬೇಕು. ಯಾರಿಗೆ ಹೊಂದಿಕೊಳ್ಳಬೇಕು ಅನ್ನುವುದನ್ನು ಅಲ್ಲಿ ಬರೆಯುವುದಿಲ್ಲ.

ಇತ್ತೀಚೆಗೆ ಆಸ್ಪತ್ರೆಯ ಪದಗಳೂ ಬೀದಿಗೆ ಬಂದಿವೆ. ಪುಸ್ತಕ ಸಾಲಾಗಿ ಜೋಡಿಸಿದವಳಿಗೆ 'ಓಸಿಡಿ' ಅಂದರೆ ಗೀಳು ಕಾಯಿಲೆ, ಬೆಳಿಗ್ಗೆ ನಕ್ಕು ಸಂಜೆ ಗದರಿಸಿದ ಬಾಸ್ 'ಬೈಪೋಲಾರ್', ಬಿಟ್ಟುಹೋದ ಗೆಳೆಯ 'ನಾರ್ಸಿಸಿಸ್ಟ್', ಅಂದರೆ ತನ್ನ ಮೇಲೇ ಮೋಹ ಇರುವವನು. ಆ ಕಾಯಿಲೆಗಳನ್ನು ನಿಜವಾಗಿ ಅನುಭವಿಸುವವರಿಗೆ ಇದು ಹಗುರದ ಮಾತಲ್ಲ. ಇನ್ನೂ ತಮಾಷೆಯೆಂದರೆ ಇವುಗಳಲ್ಲಿ 'ನಾರ್ಸಿಸಿಸ್ಟ್'ನಂಥ ವ್ಯಕ್ತಿತ್ವದ ಡಬ್ಬಿಗಳನ್ನು ವೈದ್ಯರೇ ಕೈಬಿಡುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ವ್ಯಕ್ತಿತ್ವದ ತೊಂದರೆಗಳ ಹಳೆಯ ಹೆಸರುಗಳನ್ನು ಹೆಚ್ಚುಕಡಿಮೆ ಎಲ್ಲ ತೆಗೆದು, ತೊಂದರೆ ಎಷ್ಟು ತೀವ್ರ, ಯಾವ ಗುಣ ಎದ್ದು ಕಾಣುತ್ತದೆ ಎಂದು ಬರೆಯುವ ಕ್ರಮ ತಂದರು. ಡಾಕ್ಟರು ಬಿಟ್ಟ ಪದವನ್ನು ನಾವು ರೀಲ್ಸ್ ನೋಡಿ ಎತ್ತಿಕೊಂಡಿದ್ದೇವೆ.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿ.

ಹಿಂದಿನ ಸಾಲಿನ ಮೇಡಂ ಒಬ್ಬರು ಕೇಳಿದರು: "ಮಗನ ಕಂಪನಿಯಲ್ಲಿ ಆ ಹದಿನಾರರ ಪರೀಕ್ಷೆ ನೋಡಿಯೇ ಕೆಲಸಕ್ಕೆ ತಗೊಳ್ತಾರಂತೆ, ಸರಿಯೇ?"

ಸರಿಯಲ್ಲ ಮೇಡಂ. ನೇಮಕಾತಿಗೆ ಅದನ್ನು ಬಳಸಬಾರದು ಅಂತ ಆ ಪರೀಕ್ಷೆಯನ್ನು ನಡೆಸುವವರೇ ಹೇಳುತ್ತಾರೆ. ತಂಡದವರು ಕೂತು ಒಬ್ಬರನ್ನೊಬ್ಬರು ಅರಿಯಲು ಒಂದು ಮಧ್ಯಾಹ್ನ ಮಾತಾಡಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಸಂಬಳ ನಿರ್ಧಾರ ಮಾಡಲು ಬೇಡ.

ಇನ್ನೊಬ್ಬ ಮೇಷ್ಟ್ರು ಎದ್ದರು: "ಸಾರ್, ಪ್ರಗತಿ ಪತ್ರದಲ್ಲಿ ವರ್ತನೆ ಅಂತ ಒಂದು ಕಲಂ ಇದೆ. ನಾವು ಇಷ್ಟು ವರ್ಷ 'ಚುರುಕು', 'ತುಂಟ', 'ಮೌನಿ' ಅಂತ ಬರೀತಾ ಬಂದಿದ್ದೀವಿ. ಇನ್ನೇನು ಬರೆಯೋದು?"

ನಿಮ್ಮ ತರಗತಿಯ ಒಬ್ಬ 'ಮೌನಿ'ಯನ್ನು ನೆನಪು ಮಾಡಿಕೊಳ್ಳಿ ಅಂದೆ. ಅವರು ಸ್ವಲ್ಪ ಯೋಚಿಸಿ ಹೇಳುತ್ತಾ ಹೋದರು. ಪಾಠದಲ್ಲಿ ಕೈ ಎತ್ತುವುದಿಲ್ಲ. ಬೋರ್ಡಿನ ಹತ್ತಿರ ಕರೆದರೆ ಲೆಕ್ಕ ಮಾಡುತ್ತಾನೆ, ಬಾಯಿ ಬಿಡುವುದಿಲ್ಲ. ಕಬಡ್ಡಿಯಲ್ಲಿ ಮಾತ್ರ ಎಲ್ಲರಿಗಿಂತ ಜೋರು ಕೂಗು ಅವನದೇ. ಬಿಸಿಯೂಟದ ಸಾಲಿನಲ್ಲಿ ಚಿಕ್ಕ ಮಕ್ಕಳಿಗೆ ತಟ್ಟೆ ಹಿಡಿದುಕೊಡುತ್ತಾನೆ.

"ಇದನ್ನೇ ಬರೆಯಿರಿ ಮೇಷ್ಟ್ರೇ, ಹೀಗೇ."

"ಕಲಂ ಅಷ್ಟು ದೊಡ್ಡದಿಲ್ಲ ಸಾರ್."

"ಪತ್ರದ ಹಿಂಬದಿ ಖಾಲಿ ಇದೆಯಲ್ಲ?"

ಇದೆ ಅಂದರು. ಊಟದ ಗಂಟೆ ಆಗಿತ್ತು, ಎದ್ದೆವು.